ಮನಸ್ಸಿದ್ದರೆ ಮೊನಾಸ್

ಜಕಾರ್ತದಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಮೊನಾಸ್ ಹತ್ತಿರಲಿಲ್ಲ ಎಂಬುದು ನನಗೇನೂ ನಾಚಿಕೆಯ ವಿಷಯವಾಗಿರಲಿಲ್ಲ. ಊರಿನ ನಟ್ಟನಡುವೆ, ತಲೆಯ ಮೇಲೆ ಚಿನ್ನದ ಜ್ವಾಲೆ ಹೊತ್ತು ನಿಂತಿರುವ ಆ ರಾಷ್ಟ್ರೀಯ ಸ್ಮಾರಕ ಎಲ್ಲಿಗೂ ಓಡಿಹೋಗುವುದಿಲ್ಲ. ನಾನೂ ಓಡಿಹೋಗುವವಳಲ್ಲ (ಓಡಿಹೋಗೋಣ ಅನ್ನಿಸಿದ ದಿನಗಳಿದ್ದವು, ಅದು ಬೇರೆ ಮಾತು). ಎಂದಾದರೊಂದು ದಿನ ಹತ್ತಿ ತುದಿಯ ಕಟಾಂಜನದ ಬಳಿ ನಿಂತು ಊರು ನೋಡಿಕೊಂಡು ಬಂದರಾಯಿತು ಎಂದುಕೊಂಡಿದ್ದೆ. ಆದರೆ ನನ್ನ ಓರಗಿತ್ತಿ ಸುಪರ್ಮಿ ಬಿಡಬೇಕಲ್ಲ!

ಸುಪರ್ಮಿ ನನ್ನ ಭಾವನವರ ಹೆಂಡತಿ. ಇರುವುದು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೋಗಬೇಕಾದ ಪುರ್ವೊರೆಜೊದಲ್ಲಿ. (ಎದುರಿಗೆ ಸಿಕ್ಕರೆ 'ಅಕ್ಕಾ, ನೀವು' ಎಂದು ಬಹುವಚನ ಕೊಡುತ್ತೇನೆ. ಇಲ್ಲಿ ನಾವು ನಾವೇ ಇರುವುದರಿಂದ ಏಕವಚನ ಸಾಕು.) ಮದುವೆಯಾದ ಹೊಸತರಲ್ಲಿ ಅವಳು ಒಂದೇ ಒಂದು ಸಲ ಜಕಾರ್ತಕ್ಕೆ ಬಂದು, ಮೊನಾಸ್ ಹತ್ತಿ, ಇಳಿದು, ಊರಿಗೆ ಹೋದಳು. ಮೈಯಷ್ಟೇ ಇಳಿದದ್ದು, ಮಾತು ಇನ್ನೂ ಮೇಲೆಯೇ ಇದೆ. ಪ್ರತಿವರ್ಷ ಉಪವಾಸದ ತಿಂಗಳು ಮುಗಿದು ಲೆಬರಾನ್ ಹಬ್ಬಕ್ಕೆ ನಾವೆಲ್ಲ ಆ ಮನೆಯಲ್ಲಿ ಸೇರುತ್ತೇವೆ. ತೆಂಗಿನ ಹಾಲಿನ ಕೋಳಿ ಸಾರು ಉಂಡು, ಅನಾನಸ್ ತುಂಬಿದ ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ದಾಟುವ ಹೊತ್ತಿಗೆ ಅವಳ ಪುರಾಣ ಶುರು.

"ಆ ಮೊನಾಸ್ ಮೇಲೆ ಗಾಳಿ ಅಂದ್ರೆ ಗಾಳಿ ಕಣ್ರೀ! ಸೆರಗು ನಿಲ್ಲಲ್ಲ, ಮಾತು ನಿಲ್ಲಲ್ಲ. ನಿನಗೆ ಗೊತ್ತಿರುತ್ತಲ್ಲ ವಾರ್ಸಿನಿ... ಅಯ್ಯೋ, ಮರ್ತೇ ಹೋಯ್ತು, ನೀನು ಹತ್ತೇ ಇಲ್ಲ ಅಲ್ವಾ? ಪಾಪ."

ಗಾಳಿಯನ್ನು ಸಹಿಸಬಹುದು. ಆ 'ಪಾಪ'ವನ್ನು ಸಹಿಸುವುದು ಹೇಗೆ? ಅದಕ್ಕೆ ಕಳೆದ ಹಬ್ಬದಲ್ಲಿ ಅವಳು ಒಂದು ಬಾಲವನ್ನೂ ಸೇರಿಸಿದಳು: "ಕೆಲವರು ಹಾಗೇ ಬಿಡಿ. ಕರಟದ ಕೆಳಗಿನ ಕಪ್ಪೆ ಥರ. ಊರೊಳಗೇ ಇರ್ತಾರೆ, ಊರೇ ನೋಡಿರಲ್ಲ."

ವಾಪಸು ಬರುವ ರೈಲಿನಲ್ಲಿ ನಾನು ಕಿಟಕಿಯ ಸರಳು ಹಿಡಿದು ಭೀಷ್ಮಪ್ರತಿಜ್ಞೆ ಮಾಡಿದೆ.

"ಮುಂದಿನ ಲೆಬರಾನ್ ಒಳಗೆ ಮೊನಾಸ್ ತುದಿಗೆ ಹೋಗದಿದ್ರೆ ನನ್ನ ಹೆಸರು ವಾರ್ಸಿನಿ ಅಲ್ಲ!"

"ಹಾಗಾದ್ರೆ ಆಮೇಲೆ ಏನಂತ ಕರೀಲಿ?" ಎಂದರು ನಮ್ಮವರು, ಕಣ್ಣು ತೆರೆಯದೆ.

ನಮ್ಮವರ ಹೆಸರು ಪೊನಿರನ್. ಮೊನಾಸ್ ಪಕ್ಕದಲ್ಲೇ ಇರುವ ಗಂಬೀರ್ ಸ್ಟೇಷನ್ನಿನಲ್ಲಿ, ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಗಂಬೀರ್‌ನಲ್ಲಿ ಇದ್ದೂ ಇದ್ದೂ ಮನುಷ್ಯ ಗಂಭೀರವಾಗಿಬಿಟ್ಟಿದ್ದಾರೆ. ಮನೆಯಲ್ಲೂ ಅದೇ ದನಿ. "ಅಡುಗೆಮನೆಯಿಂದ ಬರಬೇಕಾದ ಕಾಫಿ ತಡವಾಗಿ ಬರುತ್ತಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದು ಜಗಲಿಯಿಂದ ಘೋಷಣೆ ಬಂದರೆ, ಒಲೆ ಹಚ್ಚಲು ಅದೇ ಹಸಿರು ನಿಶಾನೆ. ಕೆಲಸದಲ್ಲಿದ್ದಷ್ಟು ಕಾಲ ದಿನವೂ ಮೊನಾಸ್ ನೋಡಿಕೊಂಡೇ ಚಹಾ ಕುಡಿದವರು ಅವರು. ಇವರಿಗಿಂತ ಒಳ್ಳೆಯ ಮಾರ್ಗದರ್ಶಿ ಯಾರು ಸಿಕ್ಕಾರು? ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ. ನಾನು ಗಾದೆಯನ್ನೇ ತಿದ್ದಿದೆ: ಮನಸ್ಸಿದ್ದರೆ ಮೊನಾಸ್!

ಆದರೆ ಇವರಿಗೆ ಮನಸ್ಸಿದ್ದಂತೆ ಕಾಣಲಿಲ್ಲ.

"ಈಗ ಮಳೆಗಾಲ" ಎಂದರು. ಮಳೆ ನಿಂತಿತು. "ಈಗ ಬಿಸಿಲು, ತಲೆ ಒಡೆದುಹೋಗುತ್ತೆ" ಎಂದರು. "ಈಗ ಶಾಲೆಗಳಿಗೆ ರಜಾ, ಮಕ್ಕಳ ದಂಡೇ ಬಂದಿರುತ್ತೆ" ಎಂದರು. ರಜಾ ಮುಗಿಯಿತು. "ಈಗ ಶಾಲೆ ತೆಗೆದಿದೆ, ಮೇಷ್ಟರುಗಳೇ ಮಕ್ಕಳನ್ನ ಬಸ್ಸಲ್ಲಿ ತುಂಬ್ಕೊಂಡು ಬರ್ತಾರೆ" ಎಂದರು.

"ಹಾಗಾದ್ರೆ ಮಕ್ಕಳು ಹುಟ್ಟದೇ ಇರೋ ಕಾಲ ಯಾವಾಗ ಬರುತ್ತೆ ಹೇಳಿ, ಆಗ ಹೋಗೋಣ."

"ನನ್ನ ಮೊಣಕಾಲು ನೋವು, ವಾರ್ಸಿನಿ."

"ಲಿಫ್ಟ್ ಇದೆ ರೀ!"

"ಲಿಫ್ಟ್ ತನಕ ಮೊಣಕಾಲಲ್ಲೇ ತಾನೆ ಹೋಗ್ಬೇಕು?"

ನಮ್ಮ ಈ ಸಂವಾದ ಪಾಲ್ಮೆರಾ ಓಣಿಯ ಗೋಡೆ ದಾಟಿ ಪಕ್ಕದ ಮನೆಯ ಹಿಂದುನ್ ಅಕ್ಕನ ಕಿವಿಗೆ ಬಿತ್ತು. (ನಮ್ಮ ಓಣಿಯಲ್ಲಿ ಗೋಡೆಗಳಿರುವುದು ಮಾತು ದಾಟಲಿಕ್ಕೇ.) ಹಿಂದುನ್ ಅಕ್ಕ ಗಂಡನನ್ನು ಕಳೆದುಕೊಂಡವಳು. ಬೆಳಗಾದರೆ ಓಣಿಯ ಬಾಯಲ್ಲಿ ತೆಂಗಿನ ಹಾಲಿನ ಅನ್ನ ಮಾರುತ್ತಾಳೆ. ಅನ್ನದ ಜತೆ ಎಲ್ಲರ ಮನೆಯ ಸುದ್ದಿಯನ್ನು ಉಪ್ಪಿನಕಾಯಿಯಂತೆ ಎಲೆಯ ಮೂಲೆಗೆ ಬಡಿಸುತ್ತಾಳೆ. ನಾವೆಲ್ಲ ಎಲ್ಲಿಂದಲೋ ಬಂದು ಜಕಾರ್ತದವರಾದವರು. ಅವಳು ಹಾಗಲ್ಲ, ತಲತಲಾಂತರದ ಇಲ್ಲಿನವಳು. ಅವಳೂ ಮೊನಾಸ್ ಹತ್ತಿರಲಿಲ್ಲ.

"ನಮ್ಮಜ್ಜ ಹುಟ್ಟಿದ್ದು ಅದೇ ಜಾಗದ ಪಕ್ಕದಲ್ಲಿ, ಅದು ಹುಟ್ಟೋಕ್ಕೆ ಮುಂಚೆ" ಎಂದು ಗೋಡೆಯ ಮೇಲೆ ಕತ್ತು ಚಾಚಿದಳು. "ನ್ಯಾಯವಾಗಿ ಅದೇ ಬಂದು ನಮ್ಮನ್ನ ನೋಡ್ಕೊಂಡು ಹೋಗ್ಬೇಕಿತ್ತು. ಆದ್ರೂ ನಡಿ, ನಾನೂ ಬರ್ತೀನಿ. ಹೊಸ ಫೋನು ತಗೊಂಡಿದ್ದೀನಿ, ಅದರಲ್ಲಿ ಇಲ್ಲೀ ತನಕ ಬರೀ ಬೆಕ್ಕಿನ ಫೋಟೋನೇ ತೆಗ್ದಿದ್ದೀನಿ."

ಹೀಗೆ ಗಗನಾರೋಹಣ ಸಮಿತಿಗೆ ಒಬ್ಬ ಛಾಯಾಗ್ರಾಹಕಿಯೂ ಸಿಕ್ಕಳು. ಒಂದು ಮತದ ವಿರುದ್ಧ ಎರಡು ಮತಗಳಿಂದ ನಿರ್ಣಯ ಅಂಗೀಕಾರವಾಯಿತು. ದಿನವನ್ನು ನಾನೇ ಆರಿಸಿದೆ. ಭಾನುವಾರ ಜನಜಾತ್ರೆ, ಆದ್ದರಿಂದ ಸೋಮವಾರ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ನಸುಕಿಗೇ ಎದ್ದು ಬಾಳೆಎಲೆಯಲ್ಲಿ ಅನ್ನದ ಉಂಡೆ ಕಟ್ಟಿದೆ, ಸೋಯಾ ಕಾಳಿನ ತೆಂಪೆ ಕರಿದೆ, ಮೊಟ್ಟೆ ಬೇಯಿಸಿದೆ, ತಲೆಸುತ್ತಿಗೆಂದು ಎಣ್ಣೆಯ ಸೀಸೆ ಇಟ್ಟುಕೊಂಡೆ (ಅವರಿಗಾಗಿ). ನನ್ನ ಹಸಿರು ಬಾತಿಕ್ ಉಟ್ಟೆ. ವಿಚಿತ್ರವೆಂದರೆ ಅಂದು ನಮ್ಮವರ ಮೊಣಕಾಲು ಮೊಲದ ಕಾಲಾಗಿತ್ತು. ಸಿಳ್ಳೆ ಹಾಕುತ್ತಾ ಶೂ ಒರೆಸಿದರು. ಬಸ್ಸಿನಲ್ಲಿ ಹಿಂದುನ್ ಅಕ್ಕನಿಗೆ ಜಾಗ ಬಿಟ್ಟುಕೊಟ್ಟರು. "ಆಹಾ, ಎಂಥಾ ಒಳ್ಳೆ ದಿನ ಆರಿಸಿದ್ದೀಯ!" ಎಂದು ನನ್ನನ್ನು ಹೊಗಳಿದರು. ಮದುವೆಯಾದ ಮೇಲೆ ಗಂಡ ಕಾರಣವಿಲ್ಲದೆ ಹೊಗಳಿದರೆ ಅನುಮಾನ ಪಡಬೇಕೆಂಬುದನ್ನು ನಾನು ಆ ಸಂಭ್ರಮದಲ್ಲಿ ಮರೆತೆ.

ಗೇಟಿಗೆ ಬೀಗ.

"ಸೋಮವಾರ ರಜಾ ಅಮ್ಮಾ" ಎಂದ ಕಾವಲುಗಾರ, ನಮ್ಮ ಬುತ್ತಿಯನ್ನೇ ನೋಡುತ್ತಾ.

ಜನಜಾತ್ರೆ ಏಕಿಲ್ಲವೆಂದು ಆಗ ಅರ್ಥವಾಯಿತು. ನಾನು ನಮ್ಮವರತ್ತ ತಿರುಗಿದೆ. ಅವರು ಚಿನ್ನದ ಜ್ವಾಲೆಯನ್ನು ಭಕ್ತಿಯಿಂದ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತು."

"ಗೊತ್ತಿಲ್ದೆ ಏನು? ಇದರೆದುರಿಗೇ ಕೂದಲು ಬೆಳ್ಳಗೆ ಮಾಡ್ಕೊಂಡೋನು ನಾನು."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ನೀನು ಕೇಳ್ಲಿಲ್ಲ ವಾರ್ಸಿನಿ. 'ಸೋಮವಾರ ಹೊರಡ್ತಿದ್ದೀವಿ' ಅಂತ ಘೋಷಣೆ ಮಾಡ್ದೆ. ಘೋಷಣೆ ಆದ್ಮೇಲೆ ಎದುರು ಮಾತಾಡೋ ಪದ್ಧತಿ ನಮ್ಮ ಸ್ಟೇಷನ್ನಲ್ಲಿ ಇರ್ಲಿಲ್ಲ."

ಬೇಲಿಯ ಹೊರಗೆ ಮರದ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಹಿಂದುನ್ ಅಕ್ಕ ಬೀಗದ ಫೋಟೋ ತೆಗೆದಳು. ಅಂದು ರಾತ್ರಿ ನಮ್ಮವರಿಗೆ ತಟ್ಟೆಗೆ ಬಿದ್ದದ್ದು ಬರಿಯ ಅನ್ನ, ಅದರ ಮೇಲೆ ನನ್ನ ಮೌನ.

ಎರಡನೆಯ ದಂಡಯಾತ್ರೆಯನ್ನು ಒಂದು ಗುರುವಾರ ಹೊರಡಿಸಿದೆ. ಈ ಸಲ ಗೇಟು ತೆರೆದಿತ್ತು. ನಮ್ಮವರು ಎಲ್ಲಿಲ್ಲದ ದಾಕ್ಷಿಣ್ಯದಿಂದ, "ನೀವಿಬ್ರೂ ನೆರಳಲ್ಲಿ ಕೂತ್ಕೊಳ್ಳಿ, ಟಿಕೆಟ್ ಸಾಲಲ್ಲಿ ನಾನು ನಿಲ್ತೀನಿ" ಎಂದು ಹೋದರು. ಬಹಳ ಹೊತ್ತಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದರು.

"ತುದಿಯ ಟಿಕೆಟ್ ಮುಗಿದೋಯ್ತಂತೆ. ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇಟ್ಟಿರ್ತಾರಲ್ಲ. ಬಟ್ಟಲಿನ ತನಕ ಮಾತ್ರ ಸಿಕ್ತು."

ಬಟ್ಟಲು ಎಂದರೆ ಸ್ಮಾರಕದ ಬುಡದಲ್ಲಿರುವ ಬಟ್ಟಲಿನಾಕಾರದ ವಿಶಾಲ ಕಟ್ಟೆ. ಅದರ ನಡುವಿನಿಂದ ಕಂಬ ಆಕಾಶಕ್ಕೆ ಎದ್ದು ಹೋಗುತ್ತದೆ. ಸುಪರ್ಮಿಯ ಎದುರು ಬಟ್ಟಲಿನ ಕಥೆ ಹೇಳಿದರೆ ಅವಳು ನನ್ನನ್ನು ಚಮಚದಿಂದ ಹೊಡೆದಾಳು! ಆದರೂ ವಿಧಿಯೆಂದು ಹತ್ತಿದೆವು. ನಾನು ಕಟಾಂಜನದ ಬಳಿ ಹೋಗಿ ನೋಡಿದೆ. ನಮ್ಮವರು ಮಾತ್ರ ನಟ್ಟನಡುವೆ ನೆಟ್ಟ ಗೂಟದಂತೆ ನಿಂತು, "ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ" ಎಂದು ನೆಲದ ಅಮೃತಶಿಲೆಯನ್ನು ಪರೀಕ್ಷಿಸುತ್ತಿದ್ದರು.

ಅಷ್ಟರಲ್ಲಿ ಸುತ್ತಾಡಲು ಹೋಗಿದ್ದ ಹಿಂದುನ್ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

"ಪೊನಿರಣ್ಣಾ, ಒಂದು ಅನುಮಾನ. ಟಿಕೆಟ್ ಸಾಲಲ್ಲಿ ನಿಮ್ಮ ಹಿಂದೆ ಕೆಂಪು ಟೋಪಿಯವನೊಬ್ಬ ನಿಂತಿದ್ನಲ್ಲ?"

"ಇದ್ದಿರಬಹುದು."

"ಅವನು ಈಗ ತುದಿಗೆ ಹೋಗೋ ಲಿಫ್ಟಿನ ಸಾಲಲ್ಲಿ ನಿಂತಿದ್ದಾನೆ. ನಿಮಗೆ ಮುಗಿದುಹೋದ ಟಿಕೆಟ್ಟು ನಿಮ್ಮ ಹಿಂದಿದ್ದವನಿಗೆ ಹೇಗೆ ಮೊಳಕೆ ಒಡೀತು?"

ಗಂಬೀರ್ ಸ್ಟೇಷನ್ನಿನ ಧ್ವನಿವರ್ಧಕ ಕೆಟ್ಟು ನಿಂತಿತು. ನಮ್ಮವರು ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಮೋಡ ಹೋಗುವಾಗ ಕೆಳಗಿಂದ ಇದನ್ನ ನೋಡಿದ್ದೀಯಾ ನೀನು? ಮೋಡ ನಿಂತ ಹಾಗೂ, ಕಂಬವೇ ಬಾಗಿ ಮೈಮೇಲೆ ಬರೋ ಹಾಗೂ ಕಾಣುತ್ತೆ. ನನ್ನ ಮೇಲೆ ಅದು ದಿನಾ ಬೀಳ್ತಿತ್ತು ಕಣೇ. ದಿನಾ ಬೀಳೋದರ ಮೇಲೆ ನಾನು ಹೇಗೆ ಹತ್ತಲಿ?"

ಒಳ್ಳೆಯ ಹೆಂಡತಿಯಾದವಳು ಇಂಥ ಹೊತ್ತಿನಲ್ಲಿ ಗಂಡನ ಕೈ ಹಿಡಿದು ಎರಡು ಮೃದು ಮಾತಾಡಬೇಕು. ನಾನು ಬಟ್ಟಲಿನ ಮೇಲೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ವರ್ಷದ ಮಳೆ, ಬಿಸಿಲು, ಮಕ್ಕಳು, ಮೊಣಕಾಲು ಎಲ್ಲದರ ಒಳಗೆ ಅಡಗಿ ಕುಳಿತಿದ್ದದ್ದು ಒಂದು ಹೆದರುಪುಕ್ಕ!

ಅಂದಿನಿಂದ ನನ್ನ ನಾಲಿಗೆಗೆ ರಜಾ ಇರಲಿಲ್ಲ, ಸೋಮವಾರವೂ. ಬಲ್ಬ್ ಬದಲಿಸಲು ಅವರು ಸ್ಟೂಲು ಹತ್ತಿದರೆ, "ಜೋಪಾನ ರೀ, ಮೋಡ ನೋಡ್ಕೊಂಡು ಹತ್ತಿ!" ಜಗಲಿಯ ಮೆಟ್ಟಿಲಿಳಿದರೆ, "ಕೆಳಗೆ ನೋಡ್ಬೇಡಿ, ತಲೆ ಸುತ್ತುತ್ತೆ!" ಧೈರ್ಯ ಎಂದರೇನು, ಅದು ಎಲ್ಲಿಂದ ಬರುತ್ತದೆ, ನನ್ನ ತವರಿನಲ್ಲಿ ಅದು ಹೇಗೆ ಹಿತ್ತಲ ಗಿಡದಂತೆ ಬೆಳೆಯುತ್ತದೆ ಎಂಬ ವಿಷಯವಾಗಿ ದಿನಕ್ಕೊಂದು ಉಪನ್ಯಾಸ ಕೊಟ್ಟೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೊಂದು ದಿನ ತಟ್ಟೆ ಸರಿಸಿ, "ಬರ್ತೀನಿ. ಬಿದ್ರೂ ಪರವಾಗಿಲ್ಲ, ಈ ಭಾಷಣ ಒಂದು ನಿಲ್ಲಲಿ" ಎಂದರು.

ಉಪವಾಸದ ತಿಂಗಳು ಶುರುವಾಗುವ ಮೊದಲೇ ಮೂರನೆಯ ದಂಡಯಾತ್ರೆ. ಈ ಸಲ ಟಿಕೆಟ್ ಸಾಲಿನಲ್ಲಿ ನಾನೇ ನಿಂತೆ. ಲಿಫ್ಟಿನ ಸಾಲಿನಲ್ಲಿ ಅವರ ಮುಂಗೈಯನ್ನು ಪೊಲೀಸರು ಕಳ್ಳನನ್ನು ಹಿಡಿದಂತೆ ಹಿಡಿದುಕೊಂಡೆ. ಸಾಲು ಉದ್ದ, ಲಿಫ್ಟು ಪುಟ್ಟದು. ಒಮ್ಮೆಗೆ ಒಂದು ಹಿಡಿ ಜನವನ್ನಷ್ಟೇ ನುಂಗಿಕೊಂಡು ಹೋಗುತ್ತಿತ್ತು. ನಮ್ಮವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೆಂದುಕೊಂಡೆ, ಕಿವಿಗೊಟ್ಟು ಕೇಳಿದರೆ ರೈಲುಗಳ ಹೆಸರು. ಅದೇ ಅವರ ಪ್ರಾರ್ಥನೆ.

"ಧೈರ್ಯ ತಗೊಳ್ಳಿ, ನಾನಿದ್ದೀನಿ" ಎಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ನಮ್ಮ ಸರದಿ ಬಂತು. ಬಾಗಿಲು ಮುಚ್ಚಿತು. ಲಿಫ್ಟು ಹೊರಟಿತು. ನಾನೂ ಹೊರಟೆ, ಆದರೆ ನನ್ನ ಹೊಟ್ಟೆ ಕೆಳಗೇ ಉಳಿಯಿತು. ಕಿವಿಯಲ್ಲಿ ಯಾರೋ ಹತ್ತಿ ತುರುಕಿದರು. 'ಇದೇನೋ ಬೆಳಗಿನ ತೆಂಪೆ ಕೆಲಸ' ಎಂದು ಸಮಾಧಾನ ಹೇಳಿಕೊಂಡೆ. ಬಾಗಿಲು ತೆರೆಯಿತು. ಗಾಳಿ ಬಂದು ಮುಖಕ್ಕೆ ರಪ್ಪನೆ ಬಡಿಯಿತು. ಒಂದೇ ಒಂದು ಹೆಜ್ಜೆ ಇಟ್ಟೆ, ಕಬ್ಬಿಣದ ಸರಳುಗಳ ಸಂದಿಯಿಂದ ಒಂದೇ ಒಂದು ಸಲ ಕೆಳಗೆ ನೋಡಿದೆ. ಗಂಬೀರ್ ಸ್ಟೇಷನ್ನಿನಲ್ಲಿ ಒಂದು ರೈಲು ನಿಂತಿತ್ತು. ಅದು ಹುರುಳಿಕಾಯಿಯಷ್ಟಿತ್ತು.

ಅಷ್ಟೇ. ನನ್ನ ಕಣ್ಣುಗಳು ನನ್ನ ಅಪ್ಪಣೆ ಕೇಳದೆ ಮುಚ್ಚಿಕೊಂಡವು. ಕಾಲು ಎರಡೂ ಹಸಿ ಹಿಟ್ಟಾದವು. ಗಕ್ಕನೆ ತಿರುಗಿ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ನಮ್ಮವರ ಸೊಂಟದ ಬೆಲ್ಟು.

ಬಾಯಿಬಿಟ್ಟು ಹೇಳುವುದು ಹೇಗೆ? ಧೈರ್ಯದ ಮೇಲೆ ಅಷ್ಟು ಉಪನ್ಯಾಸ ಕೊಟ್ಟವಳು!

"ಏನ್ ರೀ ಕಾಣ್ತಿದೆ?" ಎಂದೆ, ದನಿಯನ್ನು ಎಳೆದು ನೆಟ್ಟಗೆ ನಿಲ್ಲಿಸಿ.

"ಯಾಕೆ, ನಿನಗೆ ಕಾಣ್ತಿಲ್ವಾ?"

"ನನಗೆ ಕಾಣ್ದೆ ಏನು! ನಿಮಗೆ ಕಾಣ್ತಿದೆಯಾ ಅಂತ ಪರೀಕ್ಷೆ ಮಾಡ್ತಿದ್ದೀನಿ."

ಆಮೇಲೆ ನಮ್ಮವರು ಗಂಟಲು ಸರಿಮಾಡಿಕೊಂಡರು. ನಿವೃತ್ತರಾದ ಮೇಲೆ ಕೇಳಿರದ ಆ ಹಳೆಯ ತುಂಬು ದನಿ ಹೊರಟಿತು.

"ದಯವಿಟ್ಟು ಗಮನಿಸಿ. ಅದೋ ಆ ಕಡೆ, ಇಸ್ತಿಕ್ಲಾಲ್ ಮಸೀದಿಯ ಬಿಳಿ ಗುಮ್ಮಟ. ಅದರೆದುರು ಇಗರ್ಜಿಯ ಶಿಖರಗಳು. ಅದೋ ನಮ್ಮ ಸ್ಟೇಷನ್, ಸುರಬಾಯಾ ಗಾಡಿ ಹೊರಡೋ ಹೊತ್ತು. ಅದೋ ಉತ್ತರಕ್ಕೆ ಸಮುದ್ರ. ಹಡಗು ನಿಂತಿದೆ ನೋಡು. ದಕ್ಷಿಣಕ್ಕೆ ಸಾಲಕ್ ಬೆಟ್ಟ, ತಲೆಗೆ ಮೋಡದ ಟವೆಲ್ ಸುತ್ಕೊಂಡಿದೆ..."

ನಾನು ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕಂಡೆ. ನಿಜ ಹೇಳಬೇಕೆಂದರೆ, ಮದುವೆಯಾದ ಮೇಲೆ ಅವರ ಮಾತನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಎಂಥ ದನಿ! ಆ ದನಿ ಕೇಳಿ ಎಷ್ಟು ಜನ ಸರಿಯಾದ ರೈಲು ಹತ್ತಿರಬೇಕು! ನಾನೂ ಸರಿಯಾದದ್ದನ್ನೇ ಹತ್ತಿದ್ದೇನೆ ಅನ್ನಿಸಿತು.

"ಅದೋ ಅಲ್ಲಿ ಪಾಲ್ಮೆರಾ" ಎಂದರು ಕೊನೆಗೆ, ಸ್ವಲ್ಪ ಮೆತ್ತಗೆ. "ನಮ್ಮ ಓಣಿ. ನಮ್ಮ ಮನೆ. ಹಗ್ಗದ ಮೇಲೆ ನಿನ್ನ ಹಸಿರು ಬಾತಿಕ್ ಒಣಗ್ತಿದೆ. ಕಾಣ್ತಾ?"

"ಕಾಣ್ತು ರೀ" ಎಂದೆ. ಮುಚ್ಚಿದ ಕಣ್ಣಲ್ಲೂ ನೀರು ಬರುತ್ತದೆಂದು ಅಂದು ಗೊತ್ತಾಯಿತು.

ಹಿಂದುನ್ ಅಕ್ಕ ಮಾತ್ರ ಹದಿನಾರರ ಹುಡುಗಿಯಂತೆ ಸುತ್ತಲೂ ಓಡಾಡುತ್ತಾ, "ಅಯ್ಯಯ್ಯೋ, ನಮ್ಮಜ್ಜನ ಊರು ಇಷ್ಟು ದೊಡ್ಡದಾಗೋಗಿದೆಯಲ್ಲಪ್ಪ!" ಎಂದು ಕೂಗುತ್ತಿದ್ದದ್ದು, ಅವಳ ಫೋನು ಕ್ಲಿಕ್ ಕ್ಲಿಕ್ ಎನ್ನುತ್ತಿದ್ದದ್ದು ಕೇಳುತ್ತಿತ್ತು.

ಕೆಳಗಿಳಿದು ಹುಲ್ಲು ಮೆಟ್ಟಿದ ಮೇಲೆ ನನ್ನ ಕಣ್ಣು ತೆರೆಯಿತು, ಅದರ ಹಿಂದೆಯೇ ಬಾಯಿಯೂ. ಆದರೆ ಈ ಸಲ ನಾನು ಅವರನ್ನು ಹಂಗಿಸಲಿಲ್ಲ. ಹೆದರುಪುಕ್ಕ ಎಂದುಕೊಂಡಿದ್ದವರು ಎದೆಯುಬ್ಬಿಸಿ ನಿಂತು ಊರೆಲ್ಲ ನೋಡಿದರು. ತವರಿನ ಧೈರ್ಯವೆಲ್ಲ ಬೆಲ್ಟಿಗೆ ಜೋತುಬಿದ್ದಿತು. ಈ ಗುಟ್ಟು ನನ್ನೊಡನೆ ಮಣ್ಣಿಗೆ ಹೋಗಬೇಕು ಎಂದು ನಿಶ್ಚಯಿಸಿದೆ. ಉಪವಾಸದ ತಿಂಗಳುದ್ದಕ್ಕೂ ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವರ ಕಾಫಿ ಒಂದು ದಿನವೂ ತಡವಾಗಲಿಲ್ಲ. ಬಲ್ಬನ್ನು ನಾನೇ ಬದಲಿಸಿದೆ. ಅವರು ಈ ಗೌರವವನ್ನೆಲ್ಲ ಗಂಭೀರವಾಗಿ, ಸ್ವಲ್ಪ ಮುಜುಗರದಿಂದ ಸ್ವೀಕರಿಸಿದರು. ವಿನಯ ಎಂದುಕೊಂಡೆ.

ಹಬ್ಬಕ್ಕೆ ಊರಿಗೆ ಹೊರಡುವ ದಿನ ಹಿಂದುನ್ ಅಕ್ಕ ಬಣ್ಣದ ಕಾಗದ ಸುತ್ತಿದ ಚಪ್ಪಟೆ ಪೊಟ್ಟಣವೊಂದನ್ನು ತಂದುಕೊಟ್ಟಳು.

"ಮೊನಾಸ್ ಮೇಲಿನ ಫೋಟೋ. ದೊಡ್ಡದು ಮಾಡ್ಸಿ, ಚೌಕಟ್ಟು ಹಾಕ್ಸಿದ್ದೀನಿ. ಹಬ್ಬದ ಉಡುಗೊರೆ. ಈಗ ಬಿಚ್ಚಬೇಡ, ನಿಮ್ಮ ಓರಗಿತ್ತಿ ಎದುರಿಗೇ ಬಿಚ್ಚು. ಆಗಲೇ ಅದಕ್ಕೆ ಕಳೆ."

ನನ್ನ ಕಣ್ಣು ತುಂಬಿ ಬಂತು. ಇಂಥ ನೆರೆಹೊರೆ ಯಾರಿಗುಂಟು!

ಪುರ್ವೊರೆಜೊದಲ್ಲಿ ಹಬ್ಬದ ನಮಾಜು ಮುಗಿಯಿತು. ಕಿರಿಯರು ಹಿರಿಯರ ಮಂಡಿಗೆ ಹಣೆ ಹಚ್ಚಿ ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವ ಶಾಸ್ತ್ರವೂ ಆಯಿತು. ನಾನು ಸುಪರ್ಮಿಯ ಮಂಡಿಗೆ ಹಣೆ ಹಚ್ಚಿ ಹಳೆಯ ತಪ್ಪುಗಳಿಗೆ ಮನಸಾರೆ ಕ್ಷಮೆ ಕೇಳಿದೆ. ಹೊಸದನ್ನು ಶುರುಮಾಡಬೇಕಾದರೆ ಹಳೆಯ ಬಾಕಿ ತೀರಿರಬೇಕಲ್ಲ.

ಊಟವಾಯಿತು. ಬಿಸ್ಕತ್ತಿನ ಡಬ್ಬಿ ಹೊರಟಿತು. ಸುಪರ್ಮಿ ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ಆ ಮೊನಾಸ್ ಮೇಲೆ ಗಾಳಿ ಅಂದ್ರೆ ಗಾಳಿ ಅಲ್ವಾ ಅಕ್ಕಾ!"

ಸುಪರ್ಮಿಯ ಕೈಯಲ್ಲಿದ್ದ ಬಿಸ್ಕತ್ತು ನಡುದಾರಿಯಲ್ಲಿ ನಿಂತಿತು. ನಾನು ನಿಲ್ಲಲಿಲ್ಲ. ಗುಮ್ಮಟ ಹೇಳಿದೆ, ಶಿಖರ ಹೇಳಿದೆ, ಹಡಗು ಹೇಳಿದೆ (ಒಂದಿದ್ದದ್ದು ನನ್ನ ಬಾಯಲ್ಲಿ ಮೂರಾಯಿತು), ಬೆಟ್ಟ ಹೇಳಿದೆ. ನಮ್ಮವರು ಯಾಕೋ ಡಬ್ಬಿಯೊಳಗೆ ಮುಖವಿಟ್ಟು ಬಿಸ್ಕತ್ತು ಆರಿಸುತ್ತಿದ್ದರು.

"ನಮ್ಮ ಮನೆಯ ಹಗ್ಗದ ಮೇಲೆ ನನ್ನ ಹಸಿರು ಬಾತಿಕ್ ಒಣಗ್ತಿರೋದೂ ಕಾಣಿಸ್ತು ಅಕ್ಕಾ."

"ಬಾತಿಕ್ಕಾ? ಅಷ್ಟು ದೂರದಿಂದ?" ಎಂದಳು ಸುಪರ್ಮಿ. "ನನಗೆ ಆಗ ಮನುಷ್ಯರೇ ಇರುವೆ ಥರ ಕಂಡಿದ್ರು."

"ನಿಮ್ಮ ಕಣ್ಣಿಗೂ ನನ್ನ ಕಣ್ಣಿಗೂ ವಯಸ್ಸಿನ ವ್ಯತ್ಯಾಸ ಇದೆಯಲ್ಲ ಅಕ್ಕಾ. ಬೇಕಿದ್ರೆ ಸಾಕ್ಷಿ ತಂದಿದ್ದೀನಿ." ಪೊಟ್ಟಣವನ್ನು ಎಲ್ಲರ ನಡುವೆ ಇಟ್ಟು, ಪರದೆ ಸರಿಸುವಂತೆ ಕಾಗದ ಸರಿಸಿದೆ.

ಭಾವನವರು ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇದೇನಪ್ಪ ಪೊನಿರನ್, ಇಬ್ಬರೂ ಪ್ರಾರ್ಥನೆ ಮಾಡ್ತಿದ್ದೀರಾ?"

ಫೋಟೋ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ನಾನು ನಮ್ಮವರ ಬೆಲ್ಟಿಗೆ ಬಾವಲಿಯಂತೆ ಜೋತುಬಿದ್ದಿದ್ದೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಅದು ನನಗೆ ಗೊತ್ತಿದ್ದದ್ದೇ. ಆದರೆ ನಮ್ಮವರು! ದಂಡನಾಯಕನಂತೆ ಬಲಗೈ ಚಾಚಿ, ತೋರುಬೆರಳು ನೀಡಿ, ಬಾಯಿ ತೆರೆದು ವರ್ಣಿಸುತ್ತಿದ್ದ ನಮ್ಮವರ ಎರಡು ಕಣ್ಣೂ ನನ್ನದಕ್ಕಿಂತ ಬಿಗಿಯಾಗಿ ಮುಚ್ಚಿದ್ದವು. ಅಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ನಾವಿಬ್ಬರೂ ನಿಂತಿದ್ದದ್ದು ಊರಿಗೆ ಬೆನ್ನು ಹಾಕಿ, ಲಿಫ್ಟಿನ ಗೋಡೆಗೆ ಮುಖ ಮಾಡಿಕೊಂಡು. ಬೆನ್ನ ಹಿಂದೆ, ಸರಳುಗಳಾಚೆ ಇಡೀ ಜಕಾರ್ತ ಬಿಸಿಲಲ್ಲಿ ಹೊಳೆಯುತ್ತಿತ್ತು. ನಮ್ಮವರ ಬೆರಳು ತೋರಿಸುತ್ತಿದ್ದದ್ದು ಗೋಡೆಗೆ ತಗುಲಿಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು.

ಸುಪರ್ಮಿ ಆ ಸಿಲಿಂಡರಿನ ಮೇಲೆ ಮೆಲ್ಲಗೆ ಬೆರಳಿಟ್ಟಳು.

"ಇದೇನಾ ವಾರ್ಸಿನಿ, ನಿನ್ನ ಹಸಿರು ಬಾತಿಕ್ಕು?"

ಮನೆ ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ಭಾವನವರ ಕನ್ನಡಕ ಸಾರಿನ ಬಟ್ಟಲಿಗೆ ಬಿತ್ತು.

"ನೀವೂ ಕಣ್ಣು ಮುಚ್ಕೊಂಡಿದ್ರಾ?" ನಾನು ಕಿರುಚಿದೆ.

"ನೀನೂ ಮುಚ್ಕೊಂಡಿದ್ಯಾ?" ಅವರು ಅದೇ ಉಸಿರಿನಲ್ಲಿ ಕಿರುಚಿದರು.

"ಮತ್ತೆ ಹಡಗು, ಬೆಟ್ಟ ಅಂತ ಹೇಳಿದ್ರಲ್ಲ!"

"ನೀನು ಏನು ಕಾಣ್ತಿದೆ ಅಂತ ಕೇಳಿದೆ. ಏನಾದ್ರೂ ಹೇಳ್ಬೇಕಲ್ಲ! ಎಲ್ಲಿ ಏನಿದೆ ಅಂತ ನನಗೆ ಗೊತ್ತು, ಅದಕ್ಕೆ ಕಣ್ಣು ಯಾಕೆ? ಆಮೇಲೆ ನೀನು 'ಕಾಣ್ತು ರೀ' ಅಂದೆ. ಓಹೋ, ಸರಿ ಕಡೆಗೇ ತೋರಿಸ್ತಿದ್ದೀನಿ ಅಂತ ನನಗೂ ಧೈರ್ಯ ಬಂತು."

"ಬಾತಿಕ್ಕು? ಆವತ್ತು ಅದನ್ನ ನಾನು ಉಟ್ಕೊಂಡೇ ಬಂದಿದ್ದೆನಲ್ರೀ!"

"ಅದನ್ನ ನೀನಾದ್ರೂ ಅಲ್ಲೇ ಹೇಳ್ಬಾರ್ದಿತ್ತಾ?"

ಅದು ನಿಜವೇ. ಫೋಟೋದಲ್ಲೂ ನನ್ನ ಮೈಮೇಲೆ ಹಸಿರು ಬಾತಿಕ್ ಗಾಳಿಗೆ ಪಟಪಟ ಹಾರುತ್ತಿತ್ತು. ಮೈಮೇಲಿರುವ ಬಟ್ಟೆಯನ್ನೇ ದೂರದಲ್ಲಿ ಕಂಡವಳು ನಾನು.

ಸುಪರ್ಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಂಗಿಸುತ್ತಾಳೆಂದು ಕಾದೆ. ಅವಳು ಎದ್ದು ಬಂದು ನನ್ನ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ಹಂಗಿಸಿದ್ದರೇ ಚೆನ್ನಾಗಿತ್ತು.

"ನಿಮ್ಮಿಬ್ಬರನ್ನೂ ನಂಬೋ ಹಾಗಿಲ್ಲ ಕಣೇ. ಹಬ್ಬ ಮುಗಿದ ಮೇಲೆ ನಾನೇ ಬರ್ತೀನಿ. ಕೈ ಹಿಡ್ಕೊಂಡು ಹತ್ತಿಸ್ತೀನಿ. ನಿನಗೆ ಊರು ತೋರಿಸೋದು ನನ್ನ ಜವಾಬ್ದಾರಿ."

"ಬನ್ನಿ ಅತ್ತಿಗೆ, ಬನ್ನಿ!" ಎಂದರು ನಮ್ಮವರು, ಮಾತು ಬೇರೆ ಕಡೆಗೆ ಹೊರಳಿದ ನೆಮ್ಮದಿಯಲ್ಲಿ. "ಎಷ್ಟು ದಿನ ಬೇಕಾದ್ರೂ ಇರಿ!"

ಬಂದಳು. ಮೂಟೆ, ಡಬ್ಬಿ, ಸ್ವಂತ ಒರಳುಕಲ್ಲು ಸಮೇತ ಬಂದಳು. ಬಂದ ದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದಳು. ಉಪ್ಪೆಲ್ಲಿದೆಯೆಂದು ಈಗ ನಾನು ಅವಳನ್ನು ಕೇಳಬೇಕು. ಎಲ್ಲಕ್ಕೂ ಬೆಲ್ಲ ಹಾಕುತ್ತಾಳೆ; ನಮ್ಮವರು ಬೆರಳು ನೆಕ್ಕುತ್ತಾ ಉಣ್ಣುತ್ತಾರೆ. ಹಿಂದುನ್ ಅಕ್ಕನಿಗೂ ಅವಳಿಗೂ ಮೊದಲ ದಿನವೇ ಗಳಸ್ಯಕಂಠಸ್ಯ. ಬೆಳಿಗ್ಗೆ ಇಬ್ಬರೂ ಸೇರಿ ಓಣಿಯ ಬಾಯಲ್ಲಿ ಅನ್ನ ಮಾರುತ್ತಾರೆ, ಮಧ್ಯಾಹ್ನ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಮೊನಾಸ್ ಹತ್ತುತ್ತಾರೆ. ನಮ್ಮ ಓಣಿಯಲ್ಲಿ ಈಗ ತುದಿ ನೋಡದವರು ಉಳಿದಿರುವುದು ನಾವಿಬ್ಬರೇ. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. ಲಿಫ್ಟಿನ ಬಾಗಿಲ ತನಕ ಹೋಗಿ, ತಲೆನೋವೆಂದು ನೆಪ ಹೇಳಿ ತಿರುಗಿ ಬಂದೆ.

ನಿನ್ನೆ ಪಾತ್ರೆ ತೊಳೆಯುತ್ತಾ, ಮಾತಿಗೆ ಮಾತು ಬಂದಂತೆ ಕೇಳಿದೆ.

"ಅಕ್ಕಾ, ವಾಪಸ್ ಹೋಗೋ ರೈಲಿನ ಟಿಕೆಟ್ ಯಾವತ್ತಿಗೆ ಮಾಡಿಸ್ಲಿ? ಭಾವ ಒಬ್ರೇ ಇರ್ತಾರಲ್ಲ, ಪಾಪ."

"ಅವರು ಇರ್ತಾರೆ ಬಿಡು" ಎಂದಳು ಸುಪರ್ಮಿ, ನನ್ನ ಸಾರಿಗೆ ಬೆಲ್ಲ ಹಾಕುತ್ತಾ. "ಬಂದ ಕೆಲಸ ಆಗ್ಬೇಕಲ್ಲ. ನೀನು ಮೊನಾಸ್ ಮೇಲೆ ನಿಂತು ಕಣ್ಣು ಬಿಡೋ ತನಕ ನಾನು ಊರಿಗೆ ಹೋಗಲ್ಲ."

ನಾಳೆ ಹೋಗುತ್ತಿದ್ದೇನೆ. ಗಾಳಿ ಬೀಸಲಿ, ಕಾಲು ಹಿಟ್ಟಾಗಲಿ, ರೈಲು ಹುರುಳಿಕಾಯಿಯಾಗಲಿ, ಕಣ್ಣು ಬಿಟ್ಟೇ ಬಿಡುತ್ತೇನೆ. ನನ್ನ ಅಡುಗೆಮನೆ ನನಗೆ ವಾಪಸು ಬೇಕು.